ಭುಜದ ಅಳತೆ

ನವೆಂಬರ್ 16, ಭಾನುವಾರ

ನನ್ನ ಮುದ್ದು ಪುಟ್ಟಿಗೆ, ದೊಡ್ಡಮ್ಮನ ನೂರು ಆಶೀರ್ವಾದಗಳು.

ಲಕೋಟೆಯ ಮೇಲೆ ನನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ಕಂಡು ನಿನಗೆ ನಗು ಬಂದಿರಬೇಕು. ದಿನಾ ಫೋನಿನಲ್ಲಿ ತಲೆ ತಿನ್ನುವ ದೊಡ್ಡಮ್ಮನಿಗೆ ಕಾಗದ ಬರೆಯುವ ಖಯಾಲಿ ಎಲ್ಲಿಂದ ಬಂತು ಅಂದುಕೊಂಡಿರುತ್ತೀಯ. ಫೋನಿನಲ್ಲಾದರೆ ನೀನು ನಡುವೆ ಪ್ರಶ್ನೆ ಕೇಳುತ್ತೀಯ, ನಾನು ಹೆದರಿ ಏನೋ ಒಂದು ಸುಳ್ಳು ಹೇಳಿಬಿಡುತ್ತೇನೆ. ಈಚೆಗೆ ಹಾಗೆ ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಕಾಗದಕ್ಕೆ ಆ ಭಯವಿಲ್ಲ. ಇದನ್ನು ಕ್ಲಿನಿಕ್ಕಿನಲ್ಲಿ ನಿಂತುಕೊಂಡು ಓದಬೇಡ, ಮನೆಗೆ ಒಯ್ದು ಕೂತು ಓದು. ವಿಷಯ ನಿನ್ನ ಅಮ್ಮನದು. ಅವಳಿಗೆ ಹುಷಾರಿಲ್ಲ.

ಒಂದೇ ಉಸಿರಿಗೆ ಹೇಳಿ ಮುಗಿಸಬೇಕೆಂದು ಕೂತೆ, ಕೈ ಬರುತ್ತಿಲ್ಲ. ಸ್ವಲ್ಪ ಅಂಗಡಿಯ ಸುದ್ದಿ ಹೇಳಿ ಧೈರ್ಯ ತಂದುಕೊಳ್ಳುತ್ತೇನೆ, ಸಿಟ್ಟಾಗಬೇಡ.

ನಾನು ಈ ಬೀದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಾಗಿನಿಂದ ಜನ ಬರುತ್ತಿದ್ದದ್ದು ಬಟ್ಟೆ ಬಿಚ್ಚಿಸಿ ಸಡಿಲ ಮಾಡಿಸಲು. ಅದಕ್ಕೇ ನಾನು ಏನು ಹೊಲಿದರೂ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಮಡಚಿ ಬಿಡುತ್ತಿದ್ದೆ. ಈಗ ಎಲ್ಲ ತಿರುಗುಮುರುಗು. ಬಂದವರೆಲ್ಲ ಸೊಂಟ ಹಿಡಿದು ಬಿಗಿ ಮಾಡಿಕೊಡಿ, ತೋಳು ಹಿಡಿದುಕೊಡಿ ಎನ್ನುವವರೇ. ಇಲ್ಲಿನ ಕ್ಲಿನಿಕ್ಕಿನಲ್ಲೂ ನಿನ್ನಂಥ ನರ್ಸುಗಳು ತೂಕ ಇಳಿಸುವ ಇಂಜೆಕ್ಷನ್ ಚುಚ್ಚಿ ಕಳಿಸುತ್ತಾರೆ, ಜನ ನೆಟ್ಟಗೆ ನನ್ನ ಅಂಗಡಿಗೆ ಬರುತ್ತಾರೆ. ಬೇಕರಿಯವನು, ಶಾಲೆಯ ಗಣಿತದ ಮೇಡಂ, ಬ್ಯಾಂಕಿನ ವಾಚ್‌ಮನ್, ಎದುರು ಮನೆಯ ಅಜ್ಜಿ ಕೂಡ. ಬಾಯಿ ಬಿಟ್ಟು ಹೇಳುವವರು ಕಡಿಮೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಾನು ಟೇಪು ಕೈಗೆ ತೆಗೆದುಕೊಂಡ ತಕ್ಷಣ ‘ನಾನು ಬರೀ ವಾಕಿಂಗ್ ಮಾಡ್ತೀನಪ್ಪ’ ಅಂತ ಕೇಳದೆಯೇ ಹೇಳುತ್ತಾರೆ. ಬೇಕರಿಯವನಿಗೆ ಈಗ ತಾನು ಮಾಡಿದ ಕೇಕಿನ ರುಚಿ ನೋಡಲೂ ಮನಸ್ಸಾಗುವುದಿಲ್ಲವಂತೆ. ಹೆಂಡತಿಗೆ ನೋಡಲು ಹೇಳಿದರೆ ಅವಳೂ ಚುಚ್ಚಿಸಿಕೊಂಡಿದ್ದಾಳೆ. ಸಕ್ಕರೆ ಹೆಚ್ಚೋ ಕಡಿಮೆಯೋ ಗಿರಾಕಿಯೇ ಹೇಳಬೇಕಾಗಿದೆ.

ಇಷ್ಟು ಜನ ಸಣ್ಣಗಾಗುತ್ತಿರುವ ಬೀದಿಯಲ್ಲಿ ನಿನ್ನ ಅಮ್ಮ ಸಣ್ಣಗಾದದ್ದು ಯಾರಿಗೆ ವಿಶೇಷ ಅನ್ನಿಸಬೇಕು, ಹೇಳು.

ನೀನು ಅವಳ ಮಂಡಿ ನೋವಿಗೆ ಮರುಗಿ, ತೂಕ ಇಳಿದರೆ ಬಸ್ಸಿನ ಡ್ರೈವರ್ ಸೀಟಿನಿಂದ ಎದ್ದು ಇಳಿಯುವುದು ಸುಲಭವಾಗುತ್ತದೆ ಎಂದು ಹಟ ಹಿಡಿದು, ನಿಮ್ಮ ಡಾಕ್ಟರಿಂದ ಬರೆಸಿ, ತಿಂಗಳು ತಿಂಗಳು ಐಸ್ ಪೊಟ್ಟಣದಲ್ಲಿ ಆ ಇಂಜೆಕ್ಷನ್ ಕಳಿಸಿದೆ. ಅದಕ್ಕಿಂತ ಒಳ್ಳೆಯ ಮಗಳು ಇನ್ನೇನು ಮಾಡಲು ಸಾಧ್ಯ? ಆರು ತಿಂಗಳಾಗುವ ಹೊತ್ತಿಗೆ ಅವಳ ಯೂನಿಫಾರ್ಮಿನ ಪ್ಯಾಂಟು ಹಿಡಿದೆ. ಆಮೇಲೆ ಕೋಟು. ಆಮೇಲೆ ಮತ್ತೆ ಪ್ಯಾಂಟು. ಡಿಪೋದಲ್ಲಿ ಎಲ್ಲರೂ ಅವಳನ್ನು ಡುಮ್ಮಕ್ಕ ಅನ್ನುತ್ತಿದ್ದವರು ಮಿಸ್ ಡಿಪೋ ಅನ್ನತೊಡಗಿದರು. ದಿನಾ ಅದೇ ಬಸ್ಸು ಹತ್ತುವ ನರ್ಸರಿ ಟೀಚರ್ ಯಾವ ಡೋಸು ಅಂತ ಗುಟ್ಟಾಗಿ ಕೇಳಿದಳಂತೆ. ನಿನ್ನ ಅಮ್ಮ ನಕ್ಕು ‘ಮಗಳನ್ನ ಕೇಳಿ’ ಅಂದಳಂತೆ. ಅಂಗಡಿಗೆ ಬಂದು ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ಅವಳನ್ನು ಯಾರಾದರೂ ಚೆಂದ ಅಂದದ್ದು ಅವಳ ಮದುವೆಯ ದಿನ ಬಿಟ್ಟರೆ ಅದೇ ಮೊದಲು ಅಂತ ಕಾಣುತ್ತದೆ.

ಈಗ ನನ್ನ ದಡ್ಡತನ ಹೇಳುತ್ತೇನೆ. ಜನ ದಪ್ಪವಾಗಲಿ ಸಣ್ಣಗಾಗಲಿ, ಸೊಂಟ ಬದಲಾಗುತ್ತದೆ, ಎದೆ ಬದಲಾಗುತ್ತದೆ, ಭುಜದ ಅಳತೆ ಅಷ್ಟಾಗಿ ಬದಲಾಗುವುದಿಲ್ಲ. ಅದು ಮೂಳೆಯ ಅಳತೆ. ಈ ಬೀದಿಯ ಚುಚ್ಚು ಮಂದಿ ಯಾರ ಭುಜವನ್ನೂ ನಾನು ಮುಟ್ಟಿಲ್ಲ, ಬರೀ ಪಕ್ಕ ಹಿಡಿದು ಕೊಟ್ಟಿದ್ದೇನೆ. ಆದರೆ ಬೇಸಿಗೆ ಕಳೆದ ಮೇಲೆ ನಿನ್ನ ಅಮ್ಮ ಕೋಟು ಹಾಕಿಕೊಂಡು ನನ್ನೆದುರು ನಿಂತಾಗ ಭುಜದ ಹೊಲಿಗೆ ಜಾರಿ ತೋಳಿನ ಮೇಲೆ ಕೂತಿತ್ತು. ಮೂಳೆಯ ಮೇಲಿನ ಮಾಂಸವೇ ಹೋಗಿತ್ತು. ನಾನು ಏನಂದುಕೊಂಡೆ ಗೊತ್ತೇ? ಅಯ್ಯೋ, ಮೊದಲೇ ಕತ್ತರಿಸುವಾಗ ತಪ್ಪು ಮಾಡಿದ್ದೇನೆ, ಯಾರಾದರೂ ನೋಡಿದರೆ ನನ್ನ ಕೈಯ ಹೆಸರು ಕೆಡುತ್ತದೆ ಅಂತ. ಬೇಗ ಬೇಗ ಭುಜ ಬಿಚ್ಚಿ, ಒಳಗೆ ಸರಿಸಿ, ಇಸ್ತ್ರಿ ಹಾಕಿ ಕೊಟ್ಟುಬಿಟ್ಟೆ. ತಂಗಿಯ ಭುಜದ ಮೂಳೆ ಕೈಗೆ ಸಿಕ್ಕಿತು, ನನ್ನ ಗಮನವೆಲ್ಲ ಕತ್ತರಿಯ ಮೇಲಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ಬೇಕಾಯಿತು.

ಹೋದ ತಿಂಗಳು ಅವಳು ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಎಲ್ಲರನ್ನೂ ಇಳಿಸಿ, ಸೀಟಿನಿಂದ ಏಳಲಾರದೆ ಕೂತುಬಿಟ್ಟಳು. ಬೇರೆ ಡ್ರೈವರುಗಳು ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದರು. ಯಾವ ಔಷಧಿ ತೆಗೆದುಕೊಳ್ಳುತ್ತಾರೆ ಅಂತ ಡಾಕ್ಟರು ಕೇಳಿದಾಗ ನಾವೆಲ್ಲ ಒಂದೇ ಬಾಯಲ್ಲಿ ತೂಕದ ಇಂಜೆಕ್ಷನ್ ಅಂದೆವು. ಇವಳು ಕಣ್ಣು ಮುಚ್ಚಿಕೊಂಡು ಮಲಗಿದ್ದಳು, ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಡಾಕ್ಟರು ‘ಅದೇ ಕಾರಣ ಇರುತ್ತೆ, ಸದ್ಯಕ್ಕೆ ನಿಲ್ಲಿಸಿ. ಎಷ್ಟು ಡೋಸು ಅಂತ ನೋಡ್ಬೇಕು, ಆ ಡಬ್ಬಿ ತನ್ನಿ’ ಅಂದರು. ನಾನು ಅವಳ ಮನೆಗೆ ಹೋಗಿ ಬೀಗ ತೆಗೆದು ಫ್ರಿಜ್ ತೆರೆದೆ.

ಪುಟ್ಟಿ, ನೀನು ಕಳಿಸಿದ ಡಬ್ಬಿಗಳೆಲ್ಲ ಅಲ್ಲೇ ಇದ್ದವು. ತರಕಾರಿ ಡ್ರಾಯರಿನ ಹಿಂದೆ, ಒಂದರ ಮೇಲೊಂದು ಜೋಡಿಸಿಟ್ಟಿದ್ದಳು. ಒಂದರ ಅಂಟೂ ಬಿಚ್ಚಿರಲಿಲ್ಲ. ಅವಳು ಒಂದು ಸಲವೂ ಚುಚ್ಚಿಕೊಂಡಿಲ್ಲ.

ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿದೆ. ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು, ‘ಹಾಗಾದ್ರೆ ತೂಕ ಇಳಿದದ್ದು ಯಾಕೆ?’ ಅಂದರು. ಅದೇ ದಿನ ಸ್ಕ್ಯಾನ್ ಆಯಿತು. ಹೊಟ್ಟೆಯ ಹಿಂಬದಿಯಲ್ಲಿ ಗಡ್ಡೆ ಇದೆ. ಅದು ಲಿವರಿಗೂ ಹರಡಿದೆ. ಆಪರೇಷನ್ನಿನ ಹಂತ ದಾಟಿದೆ ಅಂದರು. ನೋವು ಗೊತ್ತಾಗದಂತೆ ನೋಡಿಕೊಳ್ಳಬಹುದು, ಈ ಚಳಿಗಾಲ ಕಳೆಯುವುದು ಕಷ್ಟ ಅಂದರು. ಇಷ್ಟು ಬರೆಯಲು ನಾನು ಎರಡು ಸಲ ಎದ್ದು ಹೋಗಿ ಮುಖ ತೊಳೆದು ಬಂದೆ.

ಆಮೇಲೆ ಅವಳನ್ನು ಕೇಳಿದೆ, ಬೈದೂ ಬೈದೆ. ಅಷ್ಟುದ್ದದ ಬಸ್ಸನ್ನು ಬೆರಳಿನಲ್ಲಿ ತಿರುಗಿಸುವವಳಿಗೆ ಸೂಜಿ ಕಂಡರೆ ಪ್ರಾಣ ಹೋಗುತ್ತದೆ ಅನ್ನುವುದು ನಿನಗೆ ಗೊತ್ತಿಲ್ಲ. ನಿನ್ನ ಎಳವೆಯ ಲಸಿಕೆಗಳಿಗೆಲ್ಲ ನಿನ್ನನ್ನು ಹಿಡಿದುಕೊಂಡು ಕೂತವಳು ನಾನು, ಅವಳು ಹೊರಗೆ ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದಳು. ಮಗಳು ನರ್ಸು, ಅವಳ ಮುಂದೆ ಹೇಗೆ ಹೇಳುವುದು? ನಾಳೆ ಚುಚ್ಚಿಕೊಂಡರಾಯಿತು, ನಾಡಿದ್ದು ಚುಚ್ಚಿಕೊಂಡರಾಯಿತು ಎಂದುಕೊಂಡು ನಿನಗೆ ಫೋನಿನಲ್ಲಿ ‘ಹಾಕ್ಕೊಂಡೆ’ ಅಂದುಬಿಟ್ಟಳು. ಸುಳ್ಳಿನ ಮೇಲೆ ಸುಳ್ಳು ಬೆಳೆಯಿತು. ತೂಕ ಇಳಿಯದೆ ಸಿಕ್ಕಿಬೀಳುತ್ತೇನೆ ಅಂತ ಹೆದರುತ್ತಿದ್ದಾಗ ತೂಕ ತಾನಾಗಿಯೇ ಇಳಿಯತೊಡಗಿತಂತೆ. ‘ದೇವರು ನನ್ನ ಮಾನ ಉಳಿಸ್ದ ಅಂದ್ಕೊಂಡೆ ಅಕ್ಕ’ ಅಂದಳು. ನೀನು ಅವಳನ್ನು ‘ನನ್ನ ಬೆಸ್ಟ್ ಪೇಷಂಟ್’ ಅಂದೆಯಲ್ಲ, ಅವಳ ಮೊದಲಿನ ಫೋಟೋ ಈಗಿನ ಫೋಟೋ ಎರಡನ್ನೂ ನಿಮ್ಮ ಕ್ಲಿನಿಕ್ಕಿನ ಗೋಡೆಗೆ ಹಾಕಿದೆಯಲ್ಲ, ಅದನ್ನು ಹೇಳಿಕೊಂಡು ಆಸ್ಪತ್ರೆಯ ಮಂಚದ ಮೇಲೂ ನಕ್ಕಳು.

ಒಂದು ಮಾತು ಬರೆಯಬೇಕೋ ಬೇಡವೋ ಎಂದು ಬೆಳಗಿನಿಂದ ಒದ್ದಾಡುತ್ತಿದ್ದೇನೆ. ನಾನು ಬರೆಯದಿದ್ದರೂ ನೀನು ಹುಡುಕಿ ನೆನಪಿಸಿಕೊಳ್ಳುವವಳೇ. ಆಗಸ್ಟ್‌ನಲ್ಲಿ ಅವಳು ಹಸಿವಾಗ್ತಿಲ್ಲ, ವಾಕರಿಕೆ, ಬೆನ್ನು ನೋವು ಅಂದಾಗ ನೀನು ‘ಅದು ಔಷಧಿದು ಅಮ್ಮ, ಎಲ್ಲರಿಗೂ ಹಾಗೇ ಆಗುತ್ತೆ, ಭಯ ಬೇಡ’ ಅಂದೆಯಂತೆ. ಅದನ್ನು ನಿನಗೆ ಯಾವ ಕಾಲಕ್ಕೂ ನೆನಪಿಸಕೂಡದು, ಚುಚ್ಚಿಕೊಂಡಿರಲಿಲ್ಲ ಅನ್ನುವುದು ನಿನಗೆ ತಿಳಿಯಲೇಕೂಡದು ಎಂದು ಅವಳು ನನ್ನ ತಲೆಯ ಮೇಲೆ ಕೈ ಇಟ್ಟು ಆಣೆ ಹಾಕಿದ್ದಾಳೆ. ಆ ಆಣೆ ಮುರಿದಿದ್ದೇನೆ. ಏನಾದರೂ ಆಗುವುದಿದ್ದರೆ ನನ್ನ ತಲೆಗೇ ಆಗಲಿ. ನೀನು ಹೇಳಿದ್ದು ಚುಚ್ಚಿಕೊಂಡವಳಿಗೆ, ಮಗಳೇ. ಅವಳು ಚುಚ್ಚಿಕೊಂಡಿರಲಿಲ್ಲ. ಅದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂದು ನಾನು ಸಾವಿರ ಸಲ ಬರೆಯಬಲ್ಲೆ, ಆದರೆ ನೀನು ನಂಬುವ ಹಾಗೆ ಬರೆಯುವುದು ನನಗೆ ಬರುವುದಿಲ್ಲ. ಅದೇ ನನ್ನ ಸಂಕಟ.

ಅವಳು ಈಗ ನನ್ನ ಜೊತೆ, ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾಳೆ. ಹೋದ ಭಾನುವಾರ ವೀಡಿಯೋ ಕಾಲಿನಲ್ಲಿ ನೀನು ಅವಳನ್ನು ನೋಡಿ, ಮುಖ ಸ್ವಲ್ಪ ಬಾಡಿದೆ, ಡೋಸು ಕಡಿಮೆ ಮಾಡೋಣ ಅಂದೆ. ಉಳಿದದ್ದೆಲ್ಲ ಸರಿಯಾಗಿ ಕಂಡಿರಬೇಕು. ಆ ಕೋಟಿನ ಭುಜಕ್ಕೆ ಹತ್ತಿ ತುಂಬಿ, ಎದೆಗೆ ಎರಡು ಪದರ ಸ್ಪಂಜು ಹೊಲಿದು ಕೊಟ್ಟವಳು ನಾನು. ಊರಿಗೆಲ್ಲ ಬಟ್ಟೆ ಹಿಡಿದು ಕೊಟ್ಟು, ಸ್ವಂತ ತಂಗಿಗೆ ಮೈ ಹೊಲಿದು ಕೊಟ್ಟೆ. ಕರೆ ಮುಗಿದ ಕೂಡಲೇ ಕೋಟು ಬಿಚ್ಚಿಸು ಅಂದಳು, ಅದರ ಭಾರ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಬಿಚ್ಚಿಸಿ ಮಡಚಿಟ್ಟು ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಇನ್ನೊಂದು ಸಲ ಅದನ್ನು ಅವಳಿಗೆ ತೊಡಿಸಲು ನನ್ನಿಂದಾಗದು.

ಬೇಗ ಹೊರಟು ಬಾ. ರಜೆ ಕೊಡದಿದ್ದರೆ ಕೆಲಸ ಬಿಟ್ಟು ಬಾ, ಕೆಲಸ ಇನ್ನೊಂದು ಸಿಗುತ್ತದೆ. ಬಂದು ಅವಳನ್ನು ಏನೂ ಕೇಳಬೇಡ, ಪಕ್ಕದಲ್ಲಿ ಕೂತರೆ ಸಾಕು. ಅವಳು ಮಗಳ ದಾರಿ ಕಾಯುತ್ತಿಲ್ಲ ಎಂದು ಬಾಯಲ್ಲಿ ಹೇಳುತ್ತಾಳೆ, ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ತಲೆ ಎತ್ತುತ್ತಾಳೆ.

ಹೆರದಿದ್ದರೂ ನಿನ್ನನ್ನು ಎತ್ತಿ ಆಡಿಸಿದ,
ನಿನ್ನ ದೊಡ್ಡಮ್ಮ

ತಾ.ಕ.: ಪುಟ್ಟಿ, ಇದು ಅಮ್ಮ. ಅಕ್ಕ ಗಣಿತದ ಮೇಡಮ್ಮಿನ ಬಟ್ಟೆ ಕೊಡಲು ಹೋಗಿದ್ದಾಳೆ, ಲಕೋಟೆಗೆ ಇನ್ನೂ ಅಂಟು ಹಾಕಿಲ್ಲ. ಎಲ್ಲ ಓದಿದೆ. ಆಣೆ ಮುರಿದಳಲ್ಲ ಎಂದು ಮೊದಲು ಕೋಪ ಬಂತು. ಈಗ ಇಲ್ಲ.

ದೇವರು ಮಾನ ಉಳಿಸಿದ ಅಂತ ನಾನು ಅಕ್ಕನಿಗೆ ಹೇಳಿದ್ದು ಸುಳ್ಳು. ಅವಳು ಅಳುತ್ತಿದ್ದಳು, ಏನೋ ಒಂದು ಹೇಳಬೇಕಾಗಿತ್ತು. ನೀನೇ ಯೋಚನೆ ಮಾಡು. ಅದು ಔಷಧಿಯದು ಅಂತ ನೀನು ಹೇಳಿದಾಗ, ಔಷಧಿಯನ್ನೇ ಮುಟ್ಟದ ನಾನು ಅದನ್ನು ನಂಬಲು ಸಾಧ್ಯವೇ? ನಂಬಲಿಲ್ಲ. ಇದು ಬೇರೆ ಏನೋ ಅಂತ ನನಗೆ ಅವತ್ತೇ ಗೊತ್ತಾಯಿತು, ಈ ಜಗತ್ತಿನಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಆಸ್ಪತ್ರೆ, ಸೂಜಿ, ಡಾಕ್ಟರ ಮುಖ ನೆನೆದು ಹೆದರಿ ಸುಮ್ಮನಿದ್ದೆ. ನಿನ್ನ ಮಾತಿನಿಂದ ನಾನು ಮೋಸಹೋಗಲಿಲ್ಲ, ಕಂದಾ. ಆ ಹೊರೆ ನಿನ್ನದಲ್ಲ, ಹೊರಬೇಡ.

ಬಾ. ಹಿಂದಿನ ಕೋಣೆಗೆ ಬಂದಾಗ ಫೋನಿನಲ್ಲಿ ಕಾಣುವ ಅಮ್ಮನನ್ನು ಹುಡುಕಬೇಡ. ಕಿಟಕಿಯ ಕೆಳಗಿನ ಮಂಚದಲ್ಲಿ ಚಿಕ್ಕ ಹುಡುಗಿಯಷ್ಟು ಸಣ್ಣಗೆ ಯಾರೋ ಮಲಗಿರುತ್ತಾರೆ. ಹೆದರಬೇಡ, ಅದು ನಾನೇ.