ತಾಳಕ್ಕೆ ಕೂರಿಸಿದ ಕೂಗು

ಮಾನ್ಯ ಎಫ್‌ಎಂ ಕಾರ್ಯಕ್ರಮ ಮುಖ್ಯಸ್ಥರೇ,

ಮಗನ ಹೆಣದ ಮುಂದೆ ಕೂತಿದ್ದ ಒಬ್ಬ ತಾಯಿಯ ಚೀರಾಟವನ್ನು ಸುದ್ದಿಯಿಂದ ಕತ್ತರಿಸಿ, ಅದರ ಕೆಳಗೆ ಡ್ರಮ್ ಬಡಿದು, ಹಾಡಿಗೆ ಸೇರಿಸಿ ದಿನಕ್ಕೆ ಹತ್ತು ಸಲ ಬಿತ್ತರಿಸಿದಿರಿ. ಅದರಿಂದ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಒಬ್ಬ ಹೆಣ್ಣುಮಗಳ ಬಲಗೈ ಹೋಗಿದೆ. ಇದೇ ನನ್ನ ದೂರು. ಎಲ್ಲಿಯ ಹಾಡು, ಎಲ್ಲಿಯ ಕೈ ಎಂದು ನೀವು ನಗಬಹುದು. ಪೂರ್ತಿ ಓದಿ, ಆಮೇಲೆ ನಗಿ.

ಉತ್ತರದ ಆ ರೈಲು ನಿಲ್ದಾಣದಲ್ಲಿ ಬಾಂಬು ಸಿಡಿದು ನಲವತ್ತಕ್ಕೂ ಹೆಚ್ಚು ಜನ ಛಿದ್ರವಾದ ಮೂರನೆಯ ದಿನಕ್ಕೇ ನಿಮ್ಮ ಹಾಡು ಸಿದ್ಧವಾಗಿತ್ತು. ಹೆಣಗಳ ಗುರುತು ಪತ್ತೆ ಇನ್ನೂ ಮುಗಿದಿರಲಿಲ್ಲ, ನಿಮ್ಮ ಮಿಕ್ಸಿಂಗ್ ಮುಗಿದಿತ್ತು. ಇಷ್ಟು ಚುರುಕುತನ ಸರ್ಕಾರಿ ಕಚೇರಿಗಳಲ್ಲಿದ್ದಿದ್ದರೆ ದೇಶ ಎಂದೋ ಉದ್ಧಾರವಾಗುತ್ತಿತ್ತು. ಮೊದಲು ಸುದ್ದಿಗಾರನ ನಡುಗುವ ದನಿ, ಆಮೇಲೆ ಆಂಬುಲೆನ್ಸ್, ಆಮೇಲೆ ಕೊಳಲು, ಕೊಳಲಿನ ಮೇಲೆ ಆ ತಾಯಿ. ನಮ್ಮ ಶೆಡ್ಡಿನ ಉಳಿದವರಿಗೆ ಅದು ಬರೀ ಕೂಗು. ನಾನು ಮನೆಯಲ್ಲಿ ದಖನಿ ಉರ್ದು ಆಡುವವನು, ನನಗೆ ಅವಳ ಮಾತೂ ತಿಳಿಯಿತು. ‘ಉಠ್ ಬೇಟಾ’ ಎನ್ನುತ್ತಿದ್ದಳು, ಏಳು ಮಗನೇ ಎಂದು. ಟಿವಿಯಲ್ಲಿ ನೋಡಿದ್ದೇನೆ, ಆಕೆ ಹಾಗೆ ಕೂಗಿದ್ದು ಒಂದೇ ಸಲ. ನಿಮಗೆ ತಾಳಕ್ಕೆ ನಾಲ್ಕು ಬೇಕಿತ್ತು, ನಾಲ್ಕು ಸಲ ಕೂಗಿಸಿದಿರಿ. ಆಕೆಯನ್ನು ಕೇಳಿದ್ದಿರಾ? ಒಬ್ಬನ ಗಡ್ಡಕ್ಕೆ ಬೆಂಕಿ ಬಿದ್ದರೆ ಇನ್ನೊಬ್ಬ ಬೀಡಿ ಹಚ್ಚಿಕೊಳ್ಳಲು ಬಂದನಂತೆ. ನೀವು ಬೀಡಿ ಹಚ್ಚಿಕೊಂಡಿದ್ದಲ್ಲದೆ ಅದಕ್ಕೊಬ್ಬ ಪ್ರಾಯೋಜಕನನ್ನೂ ಹಿಡಿದಿರಿ. ಹಾಡು ಮುಗಿಯುತ್ತಲೇ ಸುಖನಿದ್ರೆಯ ಹಾಸಿಗೆಯ ಜಾಹೀರಾತು ಬರುತ್ತಿತ್ತು.

ನೀವು ಹವಾನಿಯಂತ್ರಿತ ಕೋಣೆಯಲ್ಲಿ ಕೂರುವವರು, ಆದ್ದರಿಂದ ನಮ್ಮ ಶೆಡ್ಡಿನ ವಿಷಯ ಸ್ವಲ್ಪ ಹೇಳಬೇಕು. ಹದಿನಾರು ವಿದ್ಯುತ್ ಮಗ್ಗಗಳು ಒಟ್ಟಿಗೆ ಬಡಿಯುವ ಜಾಗದಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ. ತುಟಿ ನೋಡಿ, ಕೈಸನ್ನೆ ಮಾಡಿ ಕೆಲಸ ನಡೆಸುತ್ತೇವೆ. ತಲೆ ಮಂಕಾಗದಿರಲೆಂದು ತೊಲೆಗೆ ಎರಡು ದೊಡ್ಡ ಸ್ಪೀಕರ್ ಕಟ್ಟಿ ನಿಮ್ಮ ರೇಡಿಯೋವನ್ನು ಪೂರ್ತಿ ಸೌಂಡಿನಲ್ಲಿ ಹಾಕುತ್ತೇವೆ. ಆ ಗದ್ದಲವನ್ನು ಸೀಳಿಕೊಂಡು ಬರಬಲ್ಲ ಮನುಷ್ಯರ ದನಿ ಒಂದೇ, ಪ್ರಾಣ ಹೋಗುವಾಗಿನ ಕೂಗು. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ ಇದೆ. ನನಗೆ ಕೆಲಸ ಕಲಿಸಿದ ಅಪ್ಪಯ್ಯಣ್ಣ ಮೊದಲ ದಿನವೇ ಕಪಾಳಕ್ಕೆ ಬಾರಿಸಿದ ಹಾಗೆ ಹೇಳಿದ್ದರು: “ಕೂಗು ಕೇಳಿದ್ರೆ ಮೊದ್ಲು ಮೇನ್ ಎಳಿ ಕಣ್ಲಾ. ಯಾರು, ಏನು ಅಂತ ಆಮೇಲೆ ಕೇಳು.” ಮೇನ್ ಸ್ವಿಚ್ಚಿನ ಪಕ್ಕ ನಿಲ್ಲುವವನು ಮೇಸ್ತ್ರಿ. ಈ ಹತ್ತೊಂಬತ್ತು ವರ್ಷಗಳಿಂದ ಆ ಮೇಸ್ತ್ರಿ ನಾನು.

ನಿಮ್ಮ ಹಾಡು ಮೊದಲ ಸಲ ಬಂದಾಗ ನಾನು ಸ್ವಿಚ್ ಎಳೆದೆ. ಹದಿನಾರು ಮಗ್ಗವೂ ನಿಂತವು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡು, ಆಮೇಲೆ ಪಕ್ಕದವರ ಕೈ ನೋಡಿದರು. ಯಾರಿಗೂ ಏನೂ ಆಗಿರಲಿಲ್ಲ. ಎರಡನೆಯ ಸಲವೂ ಎಳೆದೆ, ಮೂರನೆಯ ಸಲವೂ ಎಳೆದೆ. ನಡುವೆ ನಿಂತ ಮಗ್ಗಗಳಲ್ಲಿ ಎಳೆ ಕಡಿದು ಸೀರೆಗೆ ಗೆರೆ ಬಿತ್ತು. ಮರುದಿನದಿಂದ ನಾನು ಎಳೆಯುವುದನ್ನು ಬಿಟ್ಟೆ. ಕೂಗು ಬಂದಾಗ ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ರೇಡಿಯೋ ಆರಿಸಬಹುದಿತ್ತಲ್ಲ ಎನ್ನುತ್ತೀರಿ. ಕಂಡಿಕೆಗೆ ನೂಲು ಸುತ್ತುವ ಮುನಿಲಕ್ಷ್ಮಮ್ಮನೂ ಅದನ್ನೇ ಅಂದಳು. “ಆರ್ಸಪ್ಪಾ ಅನೀಸಣ್ಣ, ನನ್ ಕೈಲಿ ಕೇಳಕ್ಕಾಗಲ್ಲ,” ಎಂದಳು. ನಾನು ಆರಿಸಲಿಲ್ಲ. ಹಾಡಿಗೆ ನೀವು ‘ದೇಶದ ಕಣ್ಣೀರು’ ಎಂದು ಹೆಸರಿಟ್ಟಿದ್ದಿರಿ. ಬಾಂಬು ಸಿಡಿದ ವಾರದಲ್ಲಿ ದೇಶದ ಕಣ್ಣೀರನ್ನು ಅನೀಸ್ ಅಹಮದ್ ಎಂಬ ಹೆಸರಿನವನು ಆರಿಸಿದ ಎಂದು ಸುದ್ದಿಯಾದರೆ ಸಂಜೆ ಟೀ ಅಂಗಡಿಯಲ್ಲಿ ಏನು ಮಾತಾಗುತ್ತದೆ ಎಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಇಪ್ಪತ್ತು ವರ್ಷ ಒಟ್ಟಿಗೆ ಊಟ ಮಾಡಿದವರಿಗೇ ನಾನು ಹೆದರಿದೆ. ಅವರು ಯಾರೂ ಏನೂ ಅಂದಿರಲಿಲ್ಲ. ಆ ಹೆದರಿಕೆಯ ನಾಚಿಕೆ ನನ್ನನ್ನು ಸುಡುತ್ತಿದೆ, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಹಾಡು ಶುರುವಾದ ಆರನೆಯ ದಿನ ಬೆಳಿಗ್ಗೆ ಹನ್ನೊಂದೂಕಾಲಿಗೆ ನಿಮ್ಮ ಹಾಡು ಬಂತು. ನನ್ನ ಬೆನ್ನ ಹಿಂದೆ, ಒಂಬತ್ತನೆಯ ಮಗ್ಗದಲ್ಲಿ ಶಶಿರೇಖಾ ಇದ್ದಳು. ಕಡಿದ ಎಳೆ ಗಂಟು ಹಾಕುವುದರಲ್ಲಿ ಈ ಬೀದಿಯಲ್ಲೇ ಅವಳನ್ನು ಮೀರಿಸಿದವರಿರಲಿಲ್ಲ. ಕೂಗು ಕೇಳಿತು. ಕೈ ತಾನೇ ಸ್ವಿಚ್ಚಿನ ಮೇಲೆ ಹೋಯಿತು. ರೇಡಿಯೋ ಎಂದುಕೊಂಡು ಕೈ ಹಿಂದೆ ತೆಗೆದೆ. ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಎಣಿಸಿದೆ, ನಿಮ್ಮ ತಾಳ ಬಾಯಿಪಾಠವಾಗಿತ್ತಲ್ಲ. ಐದನೆಯದೂ ಬಂತು.

ನಾನು ತಿರುಗುವಷ್ಟರಲ್ಲಿ ಶೆಡ್ಡಿನ ಆ ತುದಿಯಿಂದ ಓಡಿಬಂದ ಮುನಿಲಕ್ಷ್ಮಮ್ಮ ನನ್ನನ್ನು ತಳ್ಳಿ ಸ್ವಿಚ್ ಎಳೆದಿದ್ದಳು. ಶಶಿರೇಖಾಳ ಸೆರಗು ಮಗ್ಗದ ಬೆಲ್ಟಿಗೆ ಸಿಕ್ಕಿತ್ತು, ಬಿಡಿಸಲು ಹೋದ ಕೈಯನ್ನೂ ಬೆಲ್ಟು ಎಳೆದುಕೊಂಡಿತ್ತು. ಮೊಣಕೈಯಿಂದ ಕೆಳಗೆ ಚರ್ಮ ಸುಲಿದು, ಮೂಳೆ ಒಡೆದು ಹೊರಗೆ ಬಂದಿತ್ತು. ಎರಡು ಬೆರಳು ಚಕ್ರದ ಸಂದಿಯಲ್ಲೇ ಉಳಿದಿದ್ದವು, ನಾನೇ ತೆಗೆದೆ. ನೇಯುತ್ತಿದ್ದ ಬಿಳಿ ಸೀರೆಯ ಮೇಲೆ ರಕ್ತ ಚಿಮ್ಮಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಕೈಯಲ್ಲಿ ಉಳಿದಿದ್ದನ್ನೂ ಮೊಣಕೈಯವರೆಗೆ ಕತ್ತರಿಸಿದರು.

ಎರಡು ದಿನದ ಮೇಲೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನಿಮ್ಮ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡಳು. ಅದು ಶ್ರದ್ಧಾಂಜಲಿ, ಕೇಳುಗರಿಂದ ತುಂಬಾ ಬೇಡಿಕೆ ಇದೆ ಎಂದಳು. ಕೊನೆಗೆ, “ನಿಮ್ಗೆ ಬೇರೆ ಯಾವ್ ಸಾಂಗ್ ಹಾಕ್ಲಿ ಸರ್?” ಎಂದು ಕೇಳಿದಳು. ಆ ಕ್ಷಣದಲ್ಲಿ ನಿಮ್ಮ ಕಟ್ಟಡದ ಗಾಜುಗಳನ್ನೆಲ್ಲ ಪುಡಿ ಮಾಡುವಷ್ಟು ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಫೋನ್ ಇಟ್ಟೆ.

ದುಃಖದ ಹಾಡು ಹಾಡಬಾರದು ಎಂದು ನಾನು ಹೇಳುತ್ತಿಲ್ಲ. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಹಾಡುವ ಪದ್ಧತಿ ನಮ್ಮ ಊರುಗಳಲ್ಲೇ ಇದೆ. ಆದರೆ ಹಾಡುವವರು ತಮ್ಮ ಗಂಟಲಿನಿಂದ ಹಾಡುತ್ತಾರೆ. ಕೂಗು ಎಂದರೆ ಓಡಿ ಬನ್ನಿ ಎಂಬ ಕರೆ. ಅದನ್ನು ದಿನಕ್ಕೆ ಹತ್ತು ಸಲ ಕೇಳಿಸಿ, ಓಡಬೇಕಾಗಿಲ್ಲ, ತಲೆದೂಗಿದರೆ ಸಾಕು ಎಂದು ನಮಗೆ ಕಲಿಸಿದಿರಿ. ನಾವು ಚೆನ್ನಾಗಿಯೇ ಕಲಿತೆವು. ನಮ್ಮ ಶೆಡ್ಡಿಗೆ ಆರು ದಿನ ಸಾಕಾಯಿತು, ಇಡೀ ಊರಿಗೆ ಎಷ್ಟು ದಿನ ಬೇಕು?

ಆ ತಾಯಿಯ ದನಿಯನ್ನು ಹಾಡಿನಿಂದ ತೆಗೆಯಿರಿ, ನಿಮ್ಮಲ್ಲಿರುವ ಪ್ರತಿಯನ್ನೂ ಅಳಿಸಿ. ಆಕೆಯ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ. ಹೋಗುವಾಗ ಮೈಕು ಬೇಡ. ನನಗೆ ಉತ್ತರ ಬರೆಯುವುದೂ ಬೇಡ.

ನನಗೂ ಒಂದು ಕೆಲಸ ಬಾಕಿ ಇದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಶಶಿರೇಖಾ ಮೊದಲು ಕೇಳಿದ್ದು, “ಅಣ್ಣಾ, ನಾನ್ ಕೂಗಿದ್ದು ಕೇಳಿಸ್ಲಿಲ್ವಾ?” ಎಂದು. ಮಗ್ಗದ ಸದ್ದಿಗೆ ಕೇಳಿಸಲಿಲ್ಲಮ್ಮ ಎಂದೆ. ಅವಳು ನಂಬಿದಳು. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ, ಅಚ್ಚಾದ ದಿನ ನಾನೇ ಅವಳಿಗೆ ಓದಿ ಹೇಳುತ್ತೇನೆ.

ಇಂತಿ,
ಮೊದಲನೆಯ ಕೂಗೇ ಕೇಳಿಸಿದ್ದ,
ಅನೀಸ್ ಅಹಮದ್, ಮಗ್ಗದ ಮೇಸ್ತ್ರಿ
ದೊಡ್ಡಬಳ್ಳಾಪುರ