ಅತ್ತೆಗಿಂತ ಒಂದು ಮಾರ್ಕು ಕಡಿಮೆ

ಮನೆಯಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ನಿಮಗೆ,

ಬೆನ್ನುನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ "ಪರವಾಗಿಲ್ಲ" ಅನ್ನುತ್ತೀರಿ. ನಿಮ್ಮ ಪರವಾಗಿಲ್ಲದ ಅರ್ಥ ನನಗೆ ಗೊತ್ತಿಲ್ಲವೇ? ಭಾರ ಎತ್ತುವ ಕೆಲಸವನ್ನು ಜೊತೆಯವರಿಗೂ ಸ್ವಲ್ಪ ಬಿಟ್ಟುಕೊಡಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ, ಅತ್ತೆಯ ಮಂಡಿನೋವೂ ಕಡಿಮೆಯಾಗಿದೆ. ಫೋನಿನಲ್ಲೇ ಎಲ್ಲ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ.

ನೀವಿರುವ ದೇಶದ ಭಾಷೆ ಕಲಿತು ಪಾಸಾದವರಿಗೆ ಮಾತ್ರ ಅಲ್ಲಿಗೆ ಬರಲು ಅನುಮತಿ ಎಂದು ಗೊತ್ತಾದಾಗಿನಿಂದ ಅತ್ತೆ ಸೊಸೆ ಇಬ್ಬರೂ ಒಂದೇ ಬೆಂಚು. ಬೀಗ ರಿಪೇರಿ ಅಂಗಡಿಯ ಮಹಡಿಯ ಮೇಲೆ ಸಂಜೆ ಕ್ಲಾಸು. ಮೇಡಂ ಆ ದೇಶದವರೇ, ಚಿಕ್ಕ ವಯಸ್ಸು, ಒಳ್ಳೆಯ ಮನಸ್ಸು. ಎಲ್ಲರ ಕೈಗೂ ಒಂದೊಂದು ಟ್ಯಾಬ್ ಕೊಟ್ಟಿದ್ದಾರೆ. ಉತ್ತರ ಒತ್ತಿದೊಡನೆ ಯಾರು ಮುಂದೆ, ಯಾರು ಹಿಂದೆ ಎಂದು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಹೆಸರು ಸಮೇತ ಕಾಣಿಸುತ್ತದೆ. ಅವರ ಕಡೆ ಹೀಗೆ ಪೈಪೋಟಿ ಇಟ್ಟರೆ ಕಲಿಯುವವರಿಗೆ ಹುರುಪು ಬರುತ್ತದಂತೆ. ನಮ್ಮಲ್ಲಿ ಮೊದಲ ದಿನವೇ, ಮಗಳ ಜೊತೆ ಕಲಿಯಲು ಬರುವ ಟೈಲರೊಬ್ಬರು ಅವಳಿಗಿಂತ ಕೆಳಗಿಳಿದು, ನೀರು ಕುಡಿದು ಬರುತ್ತೇನೆಂದು ಎದ್ದುಹೋದವರು ಕ್ಲಾಸು ಮುಗಿದರೂ ಬರಲಿಲ್ಲ. ಮರುದಿನದಿಂದ ಅಪ್ಪನ ಬೆರಳು ಟ್ಯಾಬಿಗೆ ತಾಗಿದ ಮೇಲೇ ಆ ಹುಡುಗಿ ತನ್ನದನ್ನು ಮುಟ್ಟುತ್ತಾಳೆ. ಯಾರೂ ಹೇಳಿಕೊಡದೆ ಎಲ್ಲರಿಗೂ ಅದೇ ರೂಢಿಯಾಯಿತು. ಹಿರಿಯರು ಒತ್ತುವ ತನಕ ಕಿರಿಯರು ಸೂರು ನೋಡುತ್ತಾ ಕೂರುವುದು. ಮೇಡಂ ಯಂತ್ರವೇ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದರು, ಪಾಪ. ಆಮೇಲೆ ಹೆಸರು ತೆಗೆದು ಹಕ್ಕಿಗಳ ಚಿತ್ರ ಹಾಕಿದರು. ಮೊಣಕೈ ತಾಗಿಸಿಕೊಂಡು ಕೂತವರಿಗೆ ಯಾರ ಹಕ್ಕಿ ಯಾವುದೆಂದು ತಿಳಿಯುವುದು ಕಷ್ಟವೇ? ನಿಮ್ಮಮ್ಮನ ಪಾಲಿಗೆ ಗೂಬೆ ಬಂತು. ಆ ಸಿಟ್ಟು ಮನೆತನಕ ಬಂತು.

ಅವರ ಸ್ವಭಾವ ನಿಮಗೆ ಗೊತ್ತಲ್ಲ. ಗೂಬೆ ಕೆಳಗಿಳಿದ ದಿನ ಊಟವೂ ಬೇಡ, ಮಾತೂ ಬೇಡ. ಹಾಗಾಗಿ ನಾನು ಸರಿಯುತ್ತರಕ್ಕೆ ಬೆರಳು ತೋರಿಸಿ, "ಇದೇ ಅಲ್ವಾ ಅತ್ತೆ?" ಎಂದು ಅವರ ಕಿವಿಯಲ್ಲಿ ಕೇಳುತ್ತಿದ್ದೆ. ಅವರು "ಹ್ಞೂಂ, ಅದೇ" ಎಂದು ಒತ್ತುತ್ತಿದ್ದರು. ತಾವೇ ನನಗೆ ಹೇಳಿಕೊಡುತ್ತಿದ್ದುದೆಂದು ಇವತ್ತಿಗೂ ನಂಬಿದ್ದಾರೆ. ಅವರನ್ನು ದಾಟಬಾರದೆಂದು ನಾನು ಬೇಕೆಂತಲೇ ತಪ್ಪು ಒತ್ತಿ, ದಿನವೂ ಒಂದು ಮಾರ್ಕು ಹಿಂದೆ ಉಳಿಯುತ್ತಿದ್ದೆ. ಕೊನೆಯ ಪರೀಕ್ಷೆಯಲ್ಲಿ ತೋರಿಸಿದರಾಯಿತು ಎಂಬ ಧೈರ್ಯ. ನನಗೆ ಆ ಭಾಷೆ ಬೇಗ ಹತ್ತಿತು ರೀ. ನಿಮ್ಮ ಮನೆಯ ಮಾಲೀಕನ ಹತ್ತಿರ ಜಗಳ ಆಡುವಷ್ಟು ಬರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಕೋಣೆಯ ಜೊತೆಗಾರರಿಗೆ ನನ್ನ ನಮಸ್ಕಾರ ಹೇಳಿ.

ಇತಿ,
ನಿಮ್ಮವಳು

ತಾ.ಕ.: ಮರೆತು ಕೊನೆಗೆ ಬರೆಯುತ್ತಿಲ್ಲ, ಬರೆಯಲು ಕೈ ಬರಲಿಲ್ಲ. ಕೊನೆಯ ಪರೀಕ್ಷೆಯೇ ಇಲ್ಲವಂತೆ. ದಿನದಿನದ ಮಾರ್ಕುಗಳನ್ನೇ ಯಂತ್ರ ಕೂಡಿಸಿತು. ಅತ್ತೆ ಪಾಸು, ನಾನು ಫೇಲು. ನಾನು ಮತ್ತೊಂದು ವರ್ಷ ಮೊದಲಿನಿಂದ ಕೂರಬೇಕು. ಮೇಡಂಗೆ ನಿಜ ಹೇಳಲು ಬಾಗಿಲವರೆಗೆ ಹೋದೆ. ಹೇಳಿದರೆ ಅತ್ತೆಯದೂ ಹೋಗುತ್ತದೆಂದು ವಾಪಸು ಬಂದೆ. ನಿನ್ನೆ ಅತ್ತೆ ನನ್ನ ತಲೆ ಸವರಿ, "ಸ್ವಲ್ಪ ಮನಸ್ಸಿಟ್ಟು ಕಲಿತಿದ್ರೆ ನೀನೂ ಬರಬಹುದಿತ್ತಲ್ಲಮ್ಮ" ಅಂದರು. "ಹೌದು ಅತ್ತೆ" ಅಂದೆ. ಮುಂದಿನ ತಿಂಗಳು ಅವರೊಬ್ಬರೇ ಬರುತ್ತಾರೆ. ಅಲ್ಲಿ ಅವರನ್ನು ಒಂಟಿಯಾಗಿ ಅಂಗಡಿಗೂ ಕಳಿಸಬೇಡಿ. ಅವರಿಗೆ ಆ ಭಾಷೆ ಒಂದಕ್ಷರವೂ ಬರುವುದಿಲ್ಲ, ಕಿವಿಯಲ್ಲಿ ಕೇಳಲು ನಾನಿರುವುದಿಲ್ಲ.