ತೊಗರಿ ಕಡ್ಡಿಯ ಮೊಟ್ಟೆಗೂಡುಗಳು

ಮುಡಬಿ
ಮಾರ್ಚ್ 2, ರವಿವಾರ ಬೆಳಿಗ್ಗೆ

ಪ್ರೀತಿಯ ಶ್ರೀಮಂತ ಅವರಿಗೆ,

ಹೌದು, ಗಂಡನ ಹೆಸರು ಹಿಡಿದೇ ಬರೆದಿದ್ದೇನೆ. ನಿಮ್ಮ ಅವ್ವನಿಗೆ ಓದಲು ಬರುವುದಿಲ್ಲ, ನೀವು ಹೇಳದಿದ್ದರೆ ಆಯಿತು. ಹೇಗಿದ್ದೀರಿ? ಕಣ್ಣುರಿ ಕಡಿಮೆಯಾಯಿತೇ? ಮೊನ್ನೆ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದಿರಿ. ಬೆನ್ನಿನಿಂದ ಸಿಂಪಡಿಸುವ ಪಂಪು ಇಳಿಸಿದ ಮೇಲೆ, ರೊಟ್ಟಿ ಮುಟ್ಟುವ ಮೊದಲು, ಮೊಳಕೈವರೆಗೆ ಸಾಬೂನು ಹಚ್ಚಿ ತೊಳೆಯುತ್ತೀರೋ ಇಲ್ಲ ಪ್ಯಾಂಟಿಗೆ ಒರೆಸಿಕೊಂಡು ಊಟಕ್ಕೆ ಕೂರುತ್ತೀರೋ? ಹುಮನಾಬಾದಿನಲ್ಲಿ ನಿಮ್ಮನ್ನು ಗದರಿಸುವವರು ಯಾರೂ ಇಲ್ಲ, ಅದಕ್ಕೆ ಇಲ್ಲಿಂದಲೇ ಗದರಿಸುತ್ತಿದ್ದೇನೆ. ಅತ್ತೆಯ ಮೊಣಕಾಲು ನೋವು ಹಾಗೇ ಇದೆ. ನಿಮ್ಮ ಮಗಳು ವಿಜಯಶ್ರೀ ಪರೀಕ್ಷೆಗೆ ಓದುತ್ತೇನೆಂದು ಪುಸ್ತಕ ತೆರೆದಿಟ್ಟು ಕನ್ನಡಿ ನೋಡಿಕೊಳ್ಳುತ್ತಾಳೆ. ನಾನು ಮಾತ್ರ ಚೆನ್ನಾಗಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ತೊಲೆಗೆ ನೇತುಹಾಕಿದ ಚೀಲ ನೋಡಿ ಬಂದೆ.

ಫೋನ್ ಮಾಡಬಹುದಿತ್ತು. ಆದರೆ ನೀವು "ಆಯ್ತ್ ಆಯ್ತ್, ಆಮ್ಯಾಲ ಮಾತಾಡ್ತೀನಿ" ಎಂದು ಕಟ್ ಮಾಡುತ್ತೀರಿ. ಕಾಗದಕ್ಕೆ ಆ ಗುಂಡಿ ಇಲ್ಲ. ಬಸವಣಪ್ಪ ಸಾವ್ಕಾರರು ಮಂಗಳವಾರ ತಮ್ಮ ಬದನೆ ಹೊಲಕ್ಕೆ ಎಣ್ಣೆ ಹೊಡೆಯಲು ನಿಮ್ಮನ್ನೇ ಕರೆದಿದ್ದಾರೆ, ನೀವು ಒಪ್ಪಿದ್ದೀರಿ ಎಂದು ನಿನ್ನೆ ತಿಳಿಯಿತು. ಊರವರು ಅದಕ್ಕೆ ಎಣ್ಣೆ ಎನ್ನುತ್ತಾರೆ, ಅಂಗಡಿಯವರು ಔಷಧಿ ಎನ್ನುತ್ತಾರೆ. ನಾನು ಈ ಕಾಗದದಲ್ಲಿ ವಿಷ ಎಂದೇ ಬರೆಯುತ್ತೇನೆ. ಆ ಹೊಲಕ್ಕೆ ವಿಷ ಹೊಡೆಯಬೇಡಿ. ಯಾಕೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ಪೂರ್ತಿ ಓದಿ.

ನೀವು ಹುಮನಾಬಾದಿಗೆ ಹೋದ ವಾರವೇ ಸಾವ್ಕಾರರ ಜೊತೆ ಜಗಳವಾಯಿತು. ಹಿಂದಿನ ಸಂಜೆ ವಿಷ ಹೊಡೆದ ಗಿಡಗಳಿಂದ ಮರುದಿನ ಬೆಳಿಗ್ಗೆಯೇ ಕಾಯಿ ಕೀಳಿಸಿದರು. ಕಮಳಾಬಾಯಿಯ ಬೆರಳ ತುದಿಯ ಚರ್ಮ ಸುಲಿಯಿತು, ಮುನ್ನಿ ಬೀ ಬದುವಿನ ಮೇಲೆ ವಾಂತಿ ಮಾಡಿಕೊಂಡು ಬಿದ್ದಳು. ನಾವು ಹನ್ನೊಂದು ಹೆಂಗಸರು ಬುಟ್ಟಿ ಮಗುಚಿಟ್ಟು ಕೂತೆವು. ಸಾವ್ಕಾರರು ಬಂದು, "ಎಣ್ಣಿ ಬ್ಯಾಡಂದ್ರ ಹುಳ ಯಾರ್ ತಿನ್ನಬೇಕು? ನೀವೇ ತಿಂತೀರೇನು?" ಎಂದರು. ಕಮಳಾಬಾಯಿಯ ನಾಲಿಗೆ ನಿಮಗೆ ಗೊತ್ತಲ್ಲ. "ನಾವ್ಯಾಕ್ ತಿನ್ನಮ್ರಿ ಸಾವ್ಕಾರ್ರ, ತಿನ್ನೋರ್ನ ಕರ್ಕೊಂಡ್ ಬರ್ತೀವಿ" ಎಂದುಬಿಟ್ಟಳು. ಯಾರನ್ನು ಕರೆತರುವುದು ಎಂದು ಅವಳಿಗೂ ಗೊತ್ತಿರಲಿಲ್ಲ. ಸಾವ್ಕಾರರು ನಕ್ಕು, "ಒಂದ್ ಎಕರೆ ಎಣ್ಣಿ ಹೊಡಿದೇ ಬಿಡ್ತೀನಿ, ಯುಗಾದಿ ತನಕ. ಹಾಳಾದ್ರ ಮತ್ತ ಬಾಯಿ ತೆಗಿಬ್ಯಾಡ್ರಿ" ಎಂದು ಹೋದರು. ಉಳಿದರೆ? ಉಳಿದರೆ ವಿಷ ಹೊಡೆದ ಹೊಲಕ್ಕೆ ಒಂದು ವಾರ ನಮ್ಮನ್ನು ಇಳಿಸುವುದಿಲ್ಲ ಎಂದು ಅವರ ಬಾಯಿಂದಲೇ ಹೇಳಿಸಿಕೊಂಡೆವು.

ಕಮಳಾಬಾಯಿ ಬಾಯಿ ಬಿಟ್ಟಳು, ದಾರಿ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಬಸವಕಲ್ಯಾಣದಲ್ಲಿ ನಮ್ಮ ಕೂಲಿ ಹೆಂಗಸರ ಸಂಘದ ಶಿಬಿರಕ್ಕೆ ಹೋದಾಗ ಒಬ್ಬ ರೈತ ಹೆಂಗಸು ಕಡ್ಡಿಗೆ ಅಂಟಿದ ಗೂಡೊಂದನ್ನು ತೋರಿಸಿದ್ದಳು. ಮುಂಗಾಲು ಮಡಚಿ ಕೈ ಮುಗಿದಂತೆ ನಿಲ್ಲುತ್ತದಲ್ಲ, ಮೂರು ಮೂಲೆ ತಲೆಯ ಹಸಿರು ಹುಳ, ಅದರ ಮೊಟ್ಟೆಗೂಡು. ಒಣಗಿದ ನೊರೆಯಂತೆ ಕಂದುಬಣ್ಣ, ಕಡಲೆಬೀಜದಷ್ಟು ದೊಡ್ಡದು. ಒಂದರೊಳಗೆ ನೂರಾರು ಮರಿ. ಹಸಿದು ಹುಟ್ಟುತ್ತವೆ, ಹುಟ್ಟಿದ ದಿನದಿಂದಲೇ ಬೇಟೆಯಾಡುತ್ತವೆ. ಇಂಥ ಗೂಡು ನಮ್ಮ ಮನೆಯ ಮುಂದೆಯೇ ಇತ್ತು, ರೀ. ತೊಗರಿ ಕೊಯ್ದವರಿಗೆ ಅದರ ಕಡ್ಡಿ ಉರುವಲಿಗೆ ಸಿಗುತ್ತದೆ, ಪ್ರತಿ ಮನೆಯ ಮುಂದೆ ಒಟ್ಟಿರುತ್ತೇವೆ. ಇಷ್ಟು ವರ್ಷ ನಮ್ಮ ಸೈನ್ಯವನ್ನು ನಾವೇ ಒಲೆಗೆ ಹಾಕಿ ರೊಟ್ಟಿ ಸುಟ್ಟಿದ್ದೇವೆ! ಅಂದಿನಿಂದ ಹನ್ನೊಂದು ಮನೆಯಲ್ಲೂ ಕೈಯಿಂದ ಉದ್ದಕ್ಕೆ ಸವರಿ ನೋಡದೆ ಒಂದು ಕಡ್ಡಿಯೂ ಒಲೆಗೆ ಹೋಗಿಲ್ಲ. ಇಪ್ಪತ್ತಮೂರು ಗೂಡು ಸಿಕ್ಕವು. ಐದರಲ್ಲಿ ಸೂಜಿ ಚುಚ್ಚಿದಂಥ ತೂತುಗಳಿದ್ದವು, ಯಾವುದೋ ಸಣ್ಣ ಕಣಜದ ಹುಳ ಒಳಗೇ ತಿಂದು ಹೊರಬಿದ್ದಿತ್ತು. ಹದಿನೆಂಟು ಉಳಿದವು.

ಗೂಡನ್ನು ಕಡ್ಡಿಯಿಂದ ಕೀಳಬಾರದು. ಗೇಣುದ್ದ ಕಡ್ಡಿ ಸಮೇತ ಕತ್ತರಿಸಿ, ಮುನ್ನಿ ಬೀ ಕೊಟ್ಟ ಹಳೆಯ ಸೊಳ್ಳೆ ಪರದೆಯಲ್ಲಿ ಚೀಲ ಹೊಲಿದು ನೇತುಹಾಕಿದೆ. ಬಿಸಿಲು ತಾಗದಂತೆ, ಬೆಳಿಗ್ಗೆ ಬೆರಳಿನಿಂದ ನಾಲ್ಕು ಹನಿ ನೀರು ಚಿಮುಕಿಸಿ ಕಾದೆ. ಹೆಚ್ಚು ನೀರು ಹಾಕಿದರೆ ಬೂಸಲು, ಹಾಕದಿದ್ದರೆ ಒಳಗೇ ಒಣಗಿ ಸಾಯುತ್ತವೆ. ವಿಜಯಶ್ರೀ ಹೊಟ್ಟೆಯಲ್ಲಿದ್ದಾಗಲೂ ನಾನು ಇಷ್ಟು ಎದ್ದು ಕೂತಿರಲಿಲ್ಲ. ಒಂದು ವಾರ, ಎರಡು ವಾರ, ಏನೂ ಇಲ್ಲ. "ಕಲ್ಲಿಗಿ ನೀರ್ ಹಾಕಾಕತ್ತಾಳ" ಎಂದು ಓಣಿಯೆಲ್ಲ ನಗೆಯಾಡಿತು. ಮೂರನೆಯ ವಾರ ಒಂದು ಶುಕ್ರವಾರ ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಎರಡು ಗೂಡು ತೆರೆದಿದ್ದವು. ಪರದೆಯ ಕಣ್ಣಿನಲ್ಲಿ ನುಸುಳಿ, ತೊಲೆ ಹತ್ತಿ, ಗೋಡೆ ಇಳಿದು ಬಂದಿದ್ದ ಮರಿಗಳೆಲ್ಲ ಒಂದು ಬಿಳಿ ಗೆರೆಯ ಮೇಲೆ ಜೀರಿಗೆ ಚೆಲ್ಲಿದಂತೆ ಸತ್ತು ಬಿದ್ದಿದ್ದವು. ನಿಮ್ಮ ಅವ್ವ ಸಂತೆಯಲ್ಲಿ ಸಿಗುವ, ಇರುವೆ ಕೊಲ್ಲುವ ಸುಣ್ಣದ ಕಡ್ಡಿಯಿಂದ ಗೋಡೆಗೆ, ತೊಲೆಯ ಬುಡಕ್ಕೆ ಗೆರೆ ಎಳೆದಿದ್ದರು. "ಇರಿವಿ ತಿಂತಾವಂತ ಎಳದೀನವ್ವಾ, ಕಾಯಾಕ ಎಳದೀನಿ" ಎಂದು ಸೆರಗು ಬಾಯಿಗಿಟ್ಟು ಅತ್ತರು.

ನಾನು ಅವರನ್ನು ಬೈದೆ. ಬಾಯಿಗೆ ಬಂದಂತೆ ಬೈದೆ. ಆಮೇಲೆ ನೆನಪಾಯಿತು, ಆ ಕಡ್ಡಿ ತಂದವಳು ನಾನೇ. ನಮ್ಮ ಮನೆಗಳಲ್ಲಿ ಏನನ್ನಾದರೂ ಕಾಯುವುದೆಂದರೆ ಸುತ್ತ ವಿಷ ಎಳೆಯುವುದು ಎಂದಾಗಿದೆ. ಜೋಳ ಕಾಯಲು ಗುಳಿಗೆ, ಗೂಡು ಕಾಯಲು ಸುಣ್ಣದ ಕಡ್ಡಿ, ಹೊಲ ಕಾಯಲು ನೀವು. ಕೋಪ ಮಾಡಿಕೊಳ್ಳಬೇಡಿ. ಹೋದ ವರ್ಷ ಕೊಡಂಬಲದ ಹೊಲದಲ್ಲಿ ಬಾಯಲ್ಲಿ ನೊರೆ ಬಂದು ಬಿದ್ದಿರಿ. ಮೂರು ದಿನ ಆಸ್ಪತ್ರೆಯಲ್ಲಿ ನಿಮ್ಮ ಕಾಲ ಬಳಿ ಕೂತವಳು ನಾನು. ಡಾಕ್ಟರು ವಿಷ ಎಂದು ಬರೆದರು. ನೀವು ಇವತ್ತಿಗೂ "ಬಿಸಿಲ್ ಬಡದಿತ್ತು" ಎನ್ನುತ್ತೀರಿ. ಯಾರ ಮರ್ಯಾದೆ ಉಳಿಸುತ್ತಿದ್ದೀರಿ, ನಿಮ್ಮದೋ ಪಂಪಿನದೋ?

ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ತೆಗೆದೆವು. ಇರುವೆಗೆ ಬೇರೆ ಉಪಾಯ ಮಾಡಿದೆ: ಚೀಲವನ್ನು ತೊಲೆಯಿಂದ ಉದ್ದ ಹಗ್ಗದಲ್ಲಿ ಇಳಿಬಿಟ್ಟು, ಹಗ್ಗಕ್ಕೆ ಹರಳೆಣ್ಣೆ ಸವರಿದೆ. ಪರದೆಯನ್ನೂ ಎರಡು ಪದರ ಮಾಡಿದೆ. ಆಮೇಲೆ ನಾಲ್ಕೇ ದಿನದಲ್ಲಿ ಒಂಬತ್ತು ಗೂಡು ತೆರೆದವು. ನೀವು ನೋಡಬೇಕಿತ್ತು! ನಡುವಿನ ಸೀಳಿನಿಂದ ಒಂದರ ಹಿಂದೊಂದು ಜೋತುಬಿದ್ದು, ನೂಲಿಗೆ ಪೋಣಿಸಿದಂತೆ ತೂಗಾಡಿ, ಕಾಲು ಬಿಡಿಸಿಕೊಳ್ಳುತ್ತವೆ. ಸೊಳ್ಳೆಯಷ್ಟು ಮೈ, ಅದಕ್ಕೆ ಆಗಲೇ ಮಡಚಿದ ಮುಂಗಾಲು. ತಡಮಾಡಿದರೆ ಒಂದನ್ನೊಂದು ತಿನ್ನುತ್ತವೆ, ಅದಕ್ಕೆ ತಂಪು ಹೊತ್ತಿನಲ್ಲೇ ಹೊಲಕ್ಕೊಯ್ದು ಗಿಡಕ್ಕೆ ನಾಲ್ಕೈದರಂತೆ ಉದುರಿಸಿದೆವು. ಎಲ್ಲವೂ ಬದುಕುತ್ತವೆ ಎಂದು ನಾನು ಹೇಳುವುದಿಲ್ಲ. ಕಾಯಿಯೊಳಗೆ ಕೊರೆಯುವ ಹುಳವನ್ನು ಇವು ಮುಟ್ಟಲಾರವು, ಅದು ಹೊಕ್ಕ ಬಾಡಿದ ಕುಡಿಗಳನ್ನು ನಾವೇ ದಿನವೂ ಚಿವುಟಿ ಮಣ್ಣಲ್ಲಿ ಹೂಳುತ್ತೇವೆ. ಆದರೆ ಎಲೆಯ ಕೆಳಗೆ ರಸ ಹೀರುವ ಹೇನು ಕಡಿಮೆಯಾಗಿದೆ. ಬಿಳಿ ನೊಣ ಇನ್ನೂ ಇದೆ. ಅದನ್ನು ನೋಡಿಯೇ ಸಾವ್ಕಾರರ ತಾಳ್ಮೆ ತಪ್ಪಿತು. ನಿನ್ನೆ ಬದುವಿನ ಮೇಲೆ ನಿಂತು, "ಏ ರೂಪಾಲಿ, ನಿಮ್ ಫೌಜ್ ಎಲ್ಲಿ? ಡ್ಯೂಟಿಗಿ ಬಂದಿಲ್ಲೇನು?" ಎಂದರು. ಕಮಳಾಬಾಯಿ ತಲೆಯೆತ್ತದೆ, "ಬಂದಾವ್ರಿ ಸಾವ್ಕಾರ್ರ. ಕಾಣಬೇಕಂದ್ರ ಸ್ವಲ್ಪ ಬಗ್ಗಬೇಕಾಗ್ತದ್ರಿ" ಎಂದಳು. ಹೆಂಗಸರೆಲ್ಲ ನಕ್ಕೆವು. ಆ ನಗುವೇ ಅವರಿಗೆ ಚುಚ್ಚಿತು. ಯುಗಾದಿಗೆ ಇನ್ನೂ ನಾಲ್ಕು ವಾರ ಇದೆ. ಕೊಟ್ಟ ಮಾತನ್ನು ನಡುವೆಯೇ ಮುರಿದು ನಿಮಗೆ ಫೋನ್ ಹಚ್ಚಿದ್ದಾರೆ. ಯಾವನಾದರೂ ಬಂದು ಹೊಡೆಯಬಹುದಿತ್ತು. ನಿಮ್ಮನ್ನೇ ಕರೆದದ್ದು ಯಾಕೆ ಎಂದು ಯೋಚಿಸಿ. ನಮ್ಮ ಸಂಘವನ್ನು ನಮ್ಮ ಮನೆಯವನ ಕೈಯಲ್ಲೇ ಮುರಿಸಬೇಕು ಎಂಬುದೇ ಅವರ ಲೆಕ್ಕ.

ನಿಮ್ಮ ಭಯ ನನಗೆ ಗೊತ್ತು. ಒಬ್ಬ ಸಾವ್ಕಾರರಿಗೆ ಇಲ್ಲ ಎಂದರೆ ಮೋರಖಂಡಿ ಊರಿನ ಹೊಲದವರೂ ಕೆಲಸಕ್ಕೆ ಕರೆಯುವುದಿಲ್ಲ. ಆಗಬಹುದು. ಆ ಕೂಲಿ ತಪ್ಪುವುದಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಇನ್ನೂ ಏಳು ಗೂಡು ಚೀಲದಲ್ಲಿವೆ. ಇಂದು ತೆರೆಯುತ್ತವೋ ನಾಳೆಯೋ, ತೆರೆದರೆ ಬಿಡಲು ಹೊಲ ಇರುತ್ತದೋ ಇಲ್ಲವೋ, ಅದು ನಿಮ್ಮ ಕೈಯಲ್ಲಿದೆ.

ಅವ್ವ ನಿಮಗೆ ಒಳ್ಳೆಯದಾಗಲಿ ಅಂದಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿದ್ದಾರೆ. ವಿಜಯಶ್ರೀ ಪೆನ್ನು ಕೇಳುತ್ತಿದ್ದಾಳೆ, ಕಸಿದುಕೊಳ್ಳುವ ಮೊದಲು ನಿಲ್ಲಿಸುತ್ತೇನೆ. ಮೈ ನೋಡಿಕೊಳ್ಳಿ.

ನಿಮ್ಮ ಮೇಲೆ ಸಿಟ್ಟೂ ಇರುವ, ಪ್ರೀತಿಯೂ ಇರುವ
ರೂಪಾಲಿ

ತಾ.ಕ.: ಆಟೋದ ಮೊಹಿನುದ್ದೀನ್ ಭಾಯಿ ಹಾರ್ನ್ ಹೊಡೆಯುತ್ತಿದ್ದಾರೆ, ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಬರೆಯದೆ ಬಿಟ್ಟದ್ದು ಒಂದಿದೆ. ನಿನ್ನೆ ಸಾವ್ಕಾರರು ಎಲ್ಲರೆದುರು "ನಿನ್ ಗಂಡನೇ ಒಪ್ಪ್ಯಾನ, ನಿಂದೇನ್ ನಡುವ?" ಎಂದಾಗ ನಾನು "ಅವರು ಬರೂದಿಲ್ರಿ, ನನಗ ಮಾತ್ ಕೊಟ್ಟಾರ" ಎಂದುಬಿಟ್ಟೆ. ನೀವು ಯಾವ ಮಾತೂ ಕೊಟ್ಟಿಲ್ಲ. ಹತ್ತು ಹೆಂಗಸರು ಅದನ್ನು ನಂಬಿ ಮನೆಗೆ ಹೋಗಿದ್ದಾರೆ. ಅವರಿಗೆ ನಾನಿನ್ನೂ ನಿಜ ಹೇಳಿಲ್ಲ. ಮಂಗಳವಾರ ಬೆಳಿಗ್ಗೆ ನಾವೆಲ್ಲ ಬದನೆ ಸಾಲಿನಲ್ಲಿ ಕುಡಿ ಚಿವುಟುತ್ತಿರುತ್ತೇವೆ. ಪಂಪು ಹೊತ್ತು ಬರುವುದಾದರೆ ಬನ್ನಿ, ಮೊದಲ ಸಾಲಿನಲ್ಲಿ ನಾನಿರುತ್ತೇನೆ.